ನೀರಿಗಿಳಿದ ಮೇಲೆ ಮೋಟರ್ ಯಾಕೆ ನಡುಗತ್ತೆ?

ಟೇಬಲ್ ಮೇಲೆ ಸುಯ್ ಅಂತ ತಿರುಗ್ತಿದ್ದ ಮೋಟರ್ ನೀರಿಗೆ ಇಳಿಸಿದ ತಕ್ಷಣ ಗಡಗಡ ನಡುಗಿ ನಿಂತೋಗತ್ತೆ. ಮನೇಲೇ ನೀರೊಳಗಿನ ರೋಬೋಟ್ ಕಟ್ಟೋಕೆ ಹೊರಟಿರೋ ಬೆಂಗಳೂರಿನ ಇಂಜಿನಿಯರಿಂಗ್ ಹುಡುಗ ಹುಡುಗೀರು ಜಾಸ್ತಿ ಕೇಳೋದು ಇದನ್ನೇ, ಅದರ ಹಿಂದೇನೇ "ಸಾರ್, ಇಎಸ್‌ಸಿ ಸುಟ್ಟೋಗಿದೆ ಅನ್ಸತ್ತೆ, ಹೊಸದು ತರ್ಲಾ?" ಅಂತಾರೆ. ಸ್ವಲ್ಪ ತಾಳಿ. ಹೆಚ್ಚಿನ ಸಲ ಇಎಸ್‌ಸಿ, ಅಂದ್ರೆ ಮೋಟರ್ ವೇಗ ಹಿಡಿತದಲ್ಲಿಡೋ ಎಲೆಕ್ಟ್ರಾನಿಕ್ ಸ್ಪೀಡ್ ಕಂಟ್ರೋಲರ್, ನೆಟ್ಟಗೇ ಇರತ್ತೆ. ಅದು ಒಳಗೆ ಹೇಗೆ ಕೆಲಸ ಮಾಡತ್ತೆ ಅಂತ ಒಂದ್ಸಲ ತಲೆಗೆ ಹೋದ್ರೆ ತೊಂದರೆ ಎಲ್ಲಿದೆ ಅಂತ ಲಕ್ಷಣ ನೋಡೇ ಹೇಳಬಹುದು.

ಬ್ರಷ್‌ಲೆಸ್ ಮೋಟರ್‌ನಲ್ಲಿ ತಾಮ್ರದ ಸುರುಳಿಗಳು ಕದಲಲ್ಲ, ಅಯಸ್ಕಾಂತ ಇರೋ ಭಾಗ ತಿರುಗತ್ತೆ. ಹೊರಗೆ ಬರೋದು ಮೂರು ವೈರು. ಇಎಸ್‌ಸಿ ಒಳಗೆ ಆರು ಮಾಸ್‌ಫೆಟ್‌ ಸ್ವಿಚ್‌ಗಳು (ಪ್ರತಿ ಸ್ವಿಚ್ ಜಾಗದಲ್ಲಿ ಎರಡು ಮೂರು ಸೇರಿಸಿರೋದೂ ಉಂಟು), ಅವು ಒಂದು ವೈರಿಂದ ಕರೆಂಟ್ ಒಳಗೆ ಬಿಟ್ಟು ಇನ್ನೊಂದರಿಂದ ಹೊರಗೆ ತಗೊಳತ್ತೆ, ಮೂರನೇದು ಆ ಹೊತ್ತಿಗೆ ಖಾಲಿ. ಗುಟ್ಟು ಇರೋದೇ ಈ ಖಾಲಿ ವೈರಲ್ಲಿ. ಅಯಸ್ಕಾಂತ ಪಕ್ಕದಲ್ಲಿ ಹಾದು ಹೋಗುವಾಗ ಅದರಲ್ಲಿ ಒಂದಿಷ್ಟು ವೋಲ್ಟೇಜ್ ಹುಟ್ಟತ್ತೆ, ಇದಕ್ಕೆ ಬ್ಯಾಕ್ ಇಎಂಎಫ್ ಅಂತಾರೆ, ಆ ವೋಲ್ಟೇಜ್ ಯಾವ ಕ್ಷಣಕ್ಕೆ ನಡುಮಟ್ಟ ದಾಟಿತು ಅಂತ ನೋಡ್ಕೊಂಡೇ ಇಎಸ್‌ಸಿ ಅಯಸ್ಕಾಂತ ಈಗ ಎಲ್ಲಿದೆ ಅಂತ ಲೆಕ್ಕ ಹಾಕಿ ಮುಂದಿನ ಸ್ವಿಚ್ ಒತ್ತತ್ತೆ. ಕಣ್ಣಿಗೆ ಬಟ್ಟೆ ಕಟ್ಕೊಂಡು ಉಯ್ಯಾಲೆ ತೂಗೋ ಹಾಗೆ, ಹಗ್ಗ ಕೈಗೆ ತಾಕಿದಾಗ ಮಾತ್ರ ಎಲ್ಲಿದೆ ಅಂತ ಗೊತ್ತಾಗೋದು.

ಆದ್ರೆ ನಿಂತಿರೋ ಮೋಟರ್‌ನಲ್ಲಿ ಬ್ಯಾಕ್ ಇಎಂಎಫ್ ಇಲ್ವೇ ಇಲ್ಲ. ಹಾಗಾಗಿ ಮೊದಲ ಕೆಲವು ಹೆಜ್ಜೆ ಇಎಸ್‌ಸಿ ಅಂದಾಜಲ್ಲೇ ಇಡಬೇಕು. ಗಾಳಿಯಲ್ಲಿ ಪ್ರೊಪೆಲ್ಲರ್ ಹಗುರ, ಅಂದಾಜು ಸ್ವಲ್ಪ ತಪ್ಪಿದ್ರೂ ಹೊಂದ್ಕೊಂಡು ಬರತ್ತೆ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ, ಅಲ್ಲಿ ಪ್ರೊಪೆಲ್ಲರ್ ಹಿಂದೆ ಬೀಳತ್ತೆ, ಇಎಸ್‌ಸಿ ಒಂದು ಹೆಜ್ಜೆ ಮುಂದೆ ಹೋಗಿರತ್ತೆ, ಇಬ್ಬರ ತಾಳ ತಪ್ಪಿ ನಡುಕ ಶುರು. ಇದಕ್ಕೆ ಮದ್ದು ಸೆಟ್ಟಿಂಗ್‌ನಲ್ಲೂ ಇದೆ, ಕೋಡ್‌ನಲ್ಲೂ ಇದೆ: ಬಿಎಲ್‌ಹೆಲಿ ತರದ ಫರ್ಮ್‌ವೇರ್ (ಇಎಸ್‌ಸಿ ಒಳಗೆ ಓಡೋ ಪ್ರೋಗ್ರಾಂ) ಆದ್ರೆ ಸ್ಟಾರ್ಟಪ್ ಪವರ್ ಸ್ವಲ್ಪ ಏರಿಸಿ, ಭಾರ ಬಿದ್ದಾಗ ತಾಳ ತಪ್ಪದ ಹಾಗೆ ಕಾಯೋ ಡೀಮ್ಯಾಗ್ ಕಾಂಪೆನ್ಸೇಷನ್ ಹೆಚ್ಚಿಸಿ ನೋಡಿ, ಕೋಡ್‌ನಲ್ಲಿ ಥ್ರಾಟಲ್ ಒಂದೇ ಸಲ ಹಾರಿಸದೆ ನಿಧಾನಕ್ಕೆ ಏರಿಸಿ, ಪೂರ್ತಿ ಮುಂದಕ್ಕೆ ಹೋಗ್ತಿರೋದನ್ನ ಪೂರ್ತಿ ಹಿಂದಕ್ಕೆ ತಿರುಗಿಸೋ ಮುಂಚೆ ನ್ಯೂಟ್ರಲ್‌ನಲ್ಲಿ ಒಂದು ಗಳಿಗೆ ನಿಲ್ಲಿಸಿ. ಇನ್ನು ಡ್ರೋನ್‌ಗೆ ಅಂತ ಮಾಡಿರೋ ಜಾಸ್ತಿ ಕೆವಿ (ಒಂದು ವೋಲ್ಟ್‌ಗೆ ನಿಮಿಷಕ್ಕೆ ಎಷ್ಟು ಸುತ್ತು ಅನ್ನೋ ಅಳತೆ) ಇರೋ ಮೋಟರ್‌ಗೆ ದೊಡ್ಡ ಪ್ರೊಪೆಲ್ಲರ್ ಹಾಕಿದ್ರೆ ಯಾವ ಸೆಟ್ಟಿಂಗೂ ಕಾಪಾಡಲ್ಲ. ಕೆವಿ ಕಡಿಮೆ ಇರೋ, ನಿಧಾನಕ್ಕೆ ಆದ್ರೆ ಬಲವಾಗಿ ತಿರುಗಿಸೋ ಮೋಟರೇ ನೀರಿಗೆ ಸರಿ.

ಎಸ್‌ಪಿ ರೋಡ್‌ನಲ್ಲಿ ಕಮ್ಮಿ ರೇಟಿಗೆ ಸಿಗೋ ಇಎಸ್‌ಸಿಗಳು ಹೆಚ್ಚಾಗಿ ಡ್ರೋನ್, ಮಾಡೆಲ್ ವಿಮಾನಗಳದ್ದು, ಅವು ಒಂದೇ ದಿಕ್ಕಿಗೆ ತಿರುಗಿಸ್ತಾವೆ. ಬೋರ್ಡ್ ಕಳಿಸೋ ಪಲ್ಸ್ ಎಷ್ಟು ಉದ್ದ ಅಂತ ನೋಡಿ ಇಎಸ್‌ಸಿ ವೇಗ ತಿಳ್ಕೊಳತ್ತೆ. ಈ ಒಂದು ದಿಕ್ಕಿನವಕ್ಕೆ 1000 ಮೈಕ್ರೋಸೆಕೆಂಡ್ ಪಲ್ಸ್ ಅಂದ್ರೆ ನಿಲ್ಲು, 1500 ಅಂದ್ರೆ ಅರ್ಧ ವೇಗ. ರೋಬೋಟ್‌ಗೆ ಬೇಕಾಗಿರೋ ಎರಡು ದಿಕ್ಕಿನ ಇಎಸ್‌ಸಿಗೆ 1500 ಅಂದ್ರೇನೇ ನಿಲ್ಲು. ಇದು ಅದಲು ಬದಲಾದ್ರೆ ಬೆರಳಿಗೇ ಅಪಾಯ, ಅದಕ್ಕೆ ಮೊದಲ ಟೆಸ್ಟ್ ಯಾವತ್ತೂ ಪ್ರೊಪೆಲ್ಲರ್ ಬಿಚ್ಚಿಟ್ಟು ಮಾಡಿ. ಆನ್ ಆದ್ಮೇಲೆ ಕೆಲವು ಸೆಕೆಂಡ್ ಈ ನಿಲ್ಲು ಸಿಗ್ನಲ್ ಸಿಗದಿದ್ರೆ ಇಎಸ್‌ಸಿ ಆರ್ಮ್ ಆಗೋದೇ, ಅಂದ್ರೆ ಓಡೋಕೆ ಸಿದ್ಧ ಆಗೋದೇ ಇಲ್ಲ. ಈ ಸಿಗ್ನಲ್ ಕಳಿಸೋಕೆ ಆರ್ಡುಯಿನೋ ಬೋರ್ಡ್ ಬಳಸಿದ್ರೆ ಒಂದು ಸೂಕ್ಷ್ಮ ಇದೆ: ಸರ್ವೋ ಲೈಬ್ರರಿಯಲ್ಲಿ 90 ಡಿಗ್ರಿ ಅಂತ ಬರೆದ್ರೆ ನ್ಯೂಟ್ರಲ್ ಹೋಗತ್ತೆ ಅನ್ಕೊಂಡಿರ್ತೀವಿ, ನಿಜವಾಗಿ ಹೋಗೋದು 1472. ಕೆಲವು ಇಎಸ್‌ಸಿಗಳು ನ್ಯೂಟ್ರಲ್ ಅಂತ ಒಪ್ಪೋದು 1475ರಿಂದ 1525ರ ತನಕ. ಮೂರೇ ಮೈಕ್ರೋಸೆಕೆಂಡ್‌ಗೆ ಇಡೀ ರೋಬೋಟ್ ಸುಮ್ನೆ ಕೂತಿರತ್ತೆ. ಡಿಗ್ರಿ ಬಿಟ್ಟು ನೇರವಾಗಿ ಮೈಕ್ರೋಸೆಕೆಂಡ್‌ನಲ್ಲೇ 1500 ಅಂತ ಕೊಡಿ. ಸಿಗ್ನಲ್ ವೈರ್ ಜೊತೆ ಗ್ರೌಂಡ್ ವೈರೂ ಬೋರ್ಡ್‌ಗೆ ಹೋಗಿದೆಯಾ ಅಂತಾನೂ ನೋಡಿ.

ಆನ್ ಮಾಡಿದಾಗ ಬರೋ ಬೀಪ್ ಇದೆಯಲ್ಲ, ಇಎಸ್‌ಸಿಯಲ್ಲಿ ಸ್ಪೀಕರ್ ಇರಲ್ಲ, ಮೋಟರ್ ಸುರುಳಿಗಳನ್ನೇ ಕಂಪಿಸಿ ಅದು ಸದ್ದು ಮಾಡತ್ತೆ. ಹಾಗಾಗಿ ಬೀಪ್ ಸರಿಯಾಗಿ ಕೇಳಿಸ್ತಿದೆ, ಮೋಟರ್ ತಿರುಗ್ತಿಲ್ಲ ಅಂದ್ರೆ ಮೊದಲು ಸಿಗ್ನಲ್ ಕಡೆ ನೋಡಿ.

ಎಲ್ಲಕ್ಕಿಂತ ಹೆಚ್ಚು ಕಾಡೋದು ಕೇಬಲ್. ಒಂದು ಮೋಟರ್ ಓಡ್ಸಿದ್ರೆ ಸರಿ, ನಾಲ್ಕೂ ಒಟ್ಟಿಗೆ ಓಡ್ಸಿದ್ರೆ ತಡವರಿಸತ್ತೆ, ಕೆಲವು ಸಲ ಬೋರ್ಡೇ ರೀಸೆಟ್ ಆಗತ್ತೆ. ಮನೆ ವೈರಿಂಗ್‌ಗೆ ಹಾಕೋ 1.5 ಸ್ಕ್ವೇರ್ ಎಂಎಂ ತಾಮ್ರದ ವೈರಿಗೆ ಮೀಟರ್‌ಗೆ ಸುಮಾರು 0.012 ಓಮ್ ರೆಸಿಸ್ಟೆನ್ಸ್. 15 ಮೀಟರ್ ಕೇಬಲ್ ಅಂದ್ರೆ ಹೋಗಿ ಬರೋಕೆ 30 ಮೀಟರ್, 0.36 ಓಮ್ ಆಯ್ತು. 10 ಆಂಪಿಯರ್ ಎಳೆದ್ರೆ 3.6 ವೋಲ್ಟ್ ದಾರಿಯಲ್ಲೇ ಹೋಯ್ತು, 20 ಎಳೆದ್ರೆ 7.2. ಮೇಲೆ 12 ವೋಲ್ಟ್ ಬ್ಯಾಟರಿ ಇದ್ರೂ ಕೆಳಗೆ ಐದೂ ಉಳಿಯಲ್ಲ, ಅಷ್ಟರೊಳಗೆ ಇಎಸ್‌ಸಿ ಬ್ಯಾಟರಿ ಖಾಲಿ ಅಂತ ತಿಳ್ಕೊಂಡು ಕಟ್ ಮಾಡಿರತ್ತೆ. ಇದನ್ನ ಹಿಡಿಯೋಕೆ ಮಲ್ಟಿಮೀಟರನ್ನ ಇಎಸ್‌ಸಿ ತುದಿಯಲ್ಲೇ ಇಟ್ಟು, ಮೋಟರ್‌ಗಳು ನೀರೊಳಗೆ ಓಡ್ತಿರುವಾಗಲೇ ಅಳೀಬೇಕು, ಬ್ಯಾಟರಿ ತುದಿಯಲ್ಲಿ ಅಳೆದ್ರೆ ಏನೂ ಗೊತ್ತಾಗಲ್ಲ. ಸಾಧ್ಯ ಆದ್ರೆ ಬ್ಯಾಟರಿಯನ್ನ ರೋಬೋಟ್ ಒಳಗೇ ಕೂರಿಸಿ, ಮೇಲಿಂದ ಸಿಗ್ನಲ್ ಮಾತ್ರ ಬರ್ಲಿ. ಉದ್ದ ವೈರಲ್ಲಿ ಕರೆಂಟ್ ಆನ್ ಆಫ್ ಆದಾಗೆಲ್ಲ ವೋಲ್ಟೇಜ್ ಏಟು ಬೀಳತ್ತೆ, ಇಎಸ್‌ಸಿ ಪಕ್ಕದಲ್ಲೇ ಒಂದು ಒಳ್ಳೆ ಲೋ ಇಎಸ್‌ಆರ್ (ಒಳಗಿನ ರೆಸಿಸ್ಟೆನ್ಸ್ ಕಡಿಮೆ ಇರೋ) ಕೆಪಾಸಿಟರ್ ಹಾಕೋದು ಅದಕ್ಕೇ.

ಮೋಟರ್ ನೀರಲ್ಲಿ ನೆಂದ್ರೂ ನಡೆಯತ್ತೆ, ಸುರುಳಿಗೆ ಎನಾಮಲ್ ಲೇಪ ಇರತ್ತೆ, ತುಕ್ಕು ಹಿಡಿಯೋದು ಬೇರಿಂಗ್. ಇಎಸ್‌ಸಿ ಮಾತ್ರ ಒಣಗಿರಲೇಬೇಕು, ನಮ್ಮ ಬೋರ್‌ವೆಲ್ ನೀರಲ್ಲಿ ಲವಣ ಜಾಸ್ತಿ, ಒಂದು ಹನಿ ಒಳಗೆ ಹೋದ್ರೂ ಕರೆಂಟ್ ಹರಿಯತ್ತೆ. ಹಾಗಂತ ಪೂರ್ತಿ ಮುಚ್ಚಿದ ಡಬ್ಬಿಯಲ್ಲಿಟ್ರೆ ಬಿಸಿ ಹೋಗೋಕೆ ದಾರಿ ಇಲ್ಲ, ಅಲ್ಯೂಮಿನಿಯಂ ಪ್ಲೇಟ್‌ಗೆ ಅಂಟಿಸಿ ಪ್ಲೇಟಿನ ಇನ್ನೊಂದು ಮೈ ನೀರಿಗೆ ತಾಕೋ ಹಾಗೆ ಮಾಡಿದ್ರೆ ಒಳ್ಳೇದು. ಮನೆ ಸಂಪಲ್ಲಿ ಟೆಸ್ಟ್ ಮಾಡೋರು ಬ್ಯಾಟರಿಯಿಂದಲೇ ಓಡಿಸಿ, 230 ವೋಲ್ಟ್ ಎಕ್ಸ್‌ಟೆನ್ಷನ್ ಬೋರ್ಡ್ ನೀರಿನ ಹತ್ರ ಖಂಡಿತ ತರಬೇಡಿ.

ಇಷ್ಟಾದ್ರೂ ನಡುಕ ಹೋಗ್ಲಿಲ್ಲ ಅಂದ್ರೆ ಚೆನ್ನಾಗಿರೋ ಇನ್ನೊಂದು ಮೋಟರ್ ಅದೇ ಇಎಸ್‌ಸಿಗೆ ಹಾಕಿ. ತೊಂದರೆ ಹಳೇ ಮೋಟರ್ ಜೊತೆ ಹೋಯ್ತಾ? ಹಾಗಿದ್ರೆ ಅದರ ವೈರ್ ಒಂದರಲ್ಲಿ ಡ್ರೈ ಸೋಲ್ಡರ್, ಅಂದ್ರೆ ಸರಿಯಾಗಿ ಹಿಡಿಯದ ಬೆಸುಗೆ ಇರಬಹುದು, ಮೂರರಲ್ಲಿ ಒಂದು ಬಿಟ್ರೂ ಮೋಟರ್ ನಡುಗತ್ತೆ, ತಿರುಗಲ್ಲ. ಮೂರೂ ವೈರ್ ಬಿಡಿಯಾಗಿಟ್ಟು ಕೈಯಲ್ಲಿ ತಿರುಗಿಸಿದಾಗ ಬ್ರೇಕ್ ಹಿಡಿದ ಹಾಗೆ ಬಿಗಿ ಅನ್ಸಿದ್ರೆ ಒಳಗೆ ಸುರುಳಿ ಶಾರ್ಟ್ ಆಗಿದೆ. ತೊಂದರೆ ಇಎಸ್‌ಸಿಯಲ್ಲೇ ಉಳೀತು ಅಂದ್ರೆ ಬ್ಯಾಟರಿ, ಮೋಟರ್ ಎರಡೂ ತೆಗೆದು, ಮೂರು ಔಟ್‌ಪುಟ್ ವೈರಿಂದ ಪ್ಲಸ್‌ಗೂ ಮೈನಸ್‌ಗೂ ರೆಸಿಸ್ಟೆನ್ಸ್ ಅಳೀರಿ. ಯಾವುದಾದ್ರೂ ಒಂದು ಸೊನ್ನೆ ಹತ್ರ ಬಂದ್ರೆ ಆ ಮಾಸ್‌ಫೆಟ್ ಹೋಗಿದೆ, ಅದಕ್ಕೆ ಮತ್ತೆ ಬ್ಯಾಟರಿ ಕೊಡಬೇಡಿ. ಅನುಮಾನ ಇರೋ ಇಎಸ್‌ಸಿಗೆ, ರಿಪೇರಿ ಮಾಡಿದ್ದಕ್ಕೆ, ಮೊದಲ ಸಲ ಕರೆಂಟ್ ಕೊಡುವಾಗ ಪ್ಲಸ್ ವೈರಲ್ಲಿ ಗಾಡಿಯ ಇಂಡಿಕೇಟರ್‌ನ 12 ವೋಲ್ಟ್ 21 ವ್ಯಾಟ್ ಬಲ್ಬ್ ಒಂದನ್ನ ಸೀರೀಸ್‌ನಲ್ಲಿ ಹಾಕಿ. ಬಲ್ಬ್ ಒಮ್ಮೆ ಮಿಂಚಿ ಆರಿದ್ರೆ ಕೆಪಾಸಿಟರ್ ತುಂಬಿತು ಅಂತ, ಹತ್ಕೊಂಡೇ ಇದ್ರೆ ಒಳಗೆ ಇನ್ನೂ ಶಾರ್ಟ್ ಇದೆ ಅಂತ.