42 ಡಿಗ್ರಿ ಬಿಸಿಲಲ್ಲಿ ಮನೆಯ ಲೇಸರ್ ಮೆಷಿನ್ ಓಡಿಸಬಹುದಾ?

ಓದುಗರ ಪ್ರಶ್ನೆ: ನಾನು ಕಲಬುರಗಿಯವನು. ಟೆರೇಸಿನ ಮೇಲೆ ತಗಡಿನ ಶೀಟು ಹೊದಿಸಿದ ಸಣ್ಣ ರೂಮಿದೆ. ಅಲ್ಲಿ 10 ವ್ಯಾಟಿನ ಡಯೋಡ್ ಲೇಸರ್ ಎನ್‌ಗ್ರೇವರ್ ಇಟ್ಟುಕೊಂಡು ಮದುವೆಗಳಿಗೆ ಕೀ ಚೈನು, ನೇಮ್ ಪ್ಲೇಟು ಮಾಡಿಕೊಡುತ್ತೇನೆ. ಈಗ ಹೊರಗೆ 42 ಡಿಗ್ರಿ. ಮದುವೆ ಸೀಸನ್ ಆದ್ದರಿಂದ ಆರ್ಡರ್ ಕೂಡ ಈಗಲೇ ಜಾಸ್ತಿ. ಮಧ್ಯಾಹ್ನ ಮೆಷಿನ್ ಓಡಿಸಿದರೆ ಅಪಾಯವೇ? ಕೆಳಗೆ ಏಸಿ ರೂಮಿಗೆ ತಂದಿಟ್ಟರೆ ಸಾಕಾ?

ಮಧ್ಯಾಹ್ನದ ಹೊತ್ತು ಆ ಶೀಟ್ ರೂಮಿನಲ್ಲಿ ಬೇಡ. ಏಸಿ ರೂಮಿಗೆ ತರಬಹುದು, ಆದರೆ ಹೊಗೆ ಕಿಟಕಿಯಿಂದ ಆಚೆ ಹೋಗುವ ದಾರಿ ಮಾಡಿಕೊಂಡ ಮೇಲೆ. ಅದಿಲ್ಲದೆ ತರುವುದಾದರೆ ಮೆಷಿನ್ ಮೇಲೆಯೇ ಇರಲಿ, ಕೆಲಸವನ್ನು ಬೆಳಗಿನ ಜಾವಕ್ಕೆ ಹಾಕಿಕೊಳ್ಳಿ.

ಮೊದಲು ಮೆಷಿನ್ನಿಗೆ ಏನಾಗುತ್ತದೆ ನೋಡೋಣ. 10 ವ್ಯಾಟ್ ಅನ್ನುವುದು ಹೊರಗೆ ಬರುವ ಬೆಳಕಿನ ಲೆಕ್ಕ. ಅಷ್ಟು ಬೆಳಕಿಗೆ ಅದರ ಎರಡು ಮೂರು ಪಟ್ಟು ಕರೆಂಟ್ ಒಳಗೆ ಹೋಗುತ್ತದೆ. ಮಿಕ್ಕಿದ್ದೆಲ್ಲ ಬಿಸಿ. ಆ ಬಿಸಿಯನ್ನು ತೆಗೆಯಲು ಲೇಸರ್ ಹೆಡ್ಡಿನಲ್ಲಿ ಅಲ್ಯೂಮಿನಿಯಂ ಹೀಟ್ ಸಿಂಕ್ ಇದೆ, ಅದರ ಮೇಲೊಂದು ಪುಟ್ಟ ಫ್ಯಾನಿದೆ. ಪಾಪ, ಅದು ರೂಮಿನ ಗಾಳಿಯನ್ನೇ ಊದಬೇಕು. ರೂಮು 45 ಡಿಗ್ರಿ ಇದ್ದರೆ, ಲೇಸರ್ ಬೆಳಕು ಹುಟ್ಟಿಸುವ ಡಯೋಡು ಅದಕ್ಕಿಂತ ಬಿಸಿಯಾಗಿಯೇ ಇರುತ್ತದೆ. ತಗಡಿನ ಶೀಟಿನ ಕೆಳಗೆ ಮಧ್ಯಾಹ್ನ ಎಷ್ಟಿರುತ್ತದೆ ಅಂತ ನಿಮಗೇ ಗೊತ್ತು. ಮ್ಯಾನುಯಲ್ ತೆಗೆದು ನೋಡಿ. ಬಹಳಷ್ಟು ಡಯೋಡ್ ಮೆಷಿನ್ನುಗಳಿಗೆ 35ರಿಂದ 40 ಡಿಗ್ರಿಯೇ ಗಡಿ.

ಬಿಸಿಯಾದ ಡಯೋಡ್ ಕೊಡುವ ಬೆಳಕು ಕಡಿಮೆಯಾಗುತ್ತದೆ. ಪ್ಲೇಟಿನ ಮೊದಲ ಸಾಲು ಕಡುಕಂದು ಬಂದಿರುತ್ತದೆ, ಮುಕ್ಕಾಲು ಗಂಟೆಯ ನಂತರದ ಸಾಲು ಚಹಾ ಬಣ್ಣಕ್ಕೆ ಇಳಿದಿರುತ್ತದೆ. ಆಗ ನಾವು ಮಾಡುವುದೇನು? ಪವರ್ ಏರಿಸುತ್ತೇವೆ. ಡಯೋಡು ಇನ್ನಷ್ಟು ಬಿಸಿಯಾಗುತ್ತದೆ, ಆಯಸ್ಸು ಇನ್ನಷ್ಟು ಕರಗುತ್ತದೆ. ಇಂಥ ಹೊತ್ತಲ್ಲಿ ಮೆಷಿನ್ ನಿಲ್ಲಿಸಿ, ಇಪ್ಪತ್ತು ನಿಮಿಷ ಬಿಡಿ. ಹೀಟ್ ಸಿಂಕಿನ ಸಂದಿಗಳಲ್ಲಿ ಕೂತ ಧೂಳು, ಮಸಿಯನ್ನು ಒಣ ಬ್ರಷ್ಷಿನಿಂದ ತೆಗೆಯಿರಿ. ಲೆನ್ಸಿನ ಗಾಜನ್ನೂ ನೋಡಿ. ಮಸಿ ಹಿಡಿದ ಗಾಜು ಲೇಸರಿನ ಬಿಸಿಯನ್ನು ತಾನೇ ಹೀರಿಕೊಂಡು ಸುಟ್ಟುಹೋಗುತ್ತದೆ.

ಇಲ್ಲಿವರೆಗೆ ಹೇಳಿದ್ದು ದುಡ್ಡಿನ ನಷ್ಟ, ಅಷ್ಟೇ. ನನಗೆ ಹೆದರಿಕೆ ಇರುವುದು ಬೇರೆ ಕಡೆ. ಸೆಖೆಗೆ ಮೆಷಿನ್ ಕೆಡುವುದು ನಿಧಾನ. ನಮ್ಮ ಅಭ್ಯಾಸ ಕೆಡುವುದು ಒಂದೇ ಮಧ್ಯಾಹ್ನ. ಫ್ಯಾನು ಹಾಕುತ್ತೇವೆ, ಏಸಿ ಗಾಳಿ ಹೋಗಬಾರದೆಂದು ಕಿಟಕಿ ಮುಚ್ಚುತ್ತೇವೆ, ಬೆವರು ಅಂತ ಗಾಗಲ್ ತೆಗೆದಿಡುತ್ತೇವೆ, 'ಅದರ ಪಾಡಿಗೆ ಓಡಲಿ' ಅಂತ ತಂಪಾದ ಕಡೆ ಎದ್ದು ಹೋಗುತ್ತೇವೆ. ಬೆಂಕಿ, ಹೊಗೆ, ಕಣ್ಣಿನ ಪೆಟ್ಟು ಬರುವುದು ಈ ದಾರಿಯಿಂದ.

ನಾನೂ ಎದ್ದು ಹೋದವನೇ. ಒಂದು ಏಪ್ರಿಲ್ ಮಧ್ಯಾಹ್ನ 3 ಎಂಎಂ ಪ್ಲೈವುಡ್ಡಿನಲ್ಲಿ ಕೀ ಚೈನು ಕತ್ತರಿಸುತ್ತಿದ್ದೆ. ತಲೆ ಮೇಲೆ ಸೀಲಿಂಗ್ ಫ್ಯಾನು ಜೋರಾಗಿತ್ತು. ಐದಾರು ತುಂಡು ಚೆನ್ನಾಗಿ ಬಿದ್ದವು. ಮಜ್ಜಿಗೆ ಕುಡಿದು ಬರೋಣ ಅಂತ ಅಡುಗೆಮನೆಗೆ ಹೋದೆ. ಎರಡೇ ನಿಮಿಷ. ವಾಪಸ್ ಬಂದಾಗ ಹಣತೆಯ ಕುಡಿಯಷ್ಟು ಹಳದಿ ಜ್ವಾಲೆ ಪ್ಲೈ ಮೇಲೆ ನಿಂತಿತ್ತು. ಫ್ಯಾನಿನ ಗಾಳಿಗೆ ಅದು ಪಕ್ಕಕ್ಕೆ ವಾಲಿ, ಕತ್ತರಿಸದ ಭಾಗವನ್ನು ನೆಕ್ಕುತ್ತಿತ್ತು. ಮೊದಲೇ ಕತ್ತರಿಸಿದ್ದ ಒಂದು ತುಂಡು ಗಾಳಿಗೆ ಎದ್ದು ಓರೆಯಾಗಿ ನಿಂತಿತ್ತು. ಹೆಡ್ಡು ಅದಕ್ಕೆ ಸಿಕ್ಕಿ ನಿಂತಲ್ಲೇ ನಿಂತು ಒಂದೇ ಜಾಗವನ್ನು ಸುಟ್ಟಿತ್ತು. ಸ್ವಿಚ್ ಆರಿಸಿ, ಒದ್ದೆ ಬಟ್ಟೆ ಹಾಕಿದೆ. ಆ ಪ್ಲೈ ತುಂಡನ್ನು ಇನ್ನೂ ಎಸೆದಿಲ್ಲ. ಟೇಬಲ್ಲಿನ ಮುಂದೆಯೇ ಮೊಳೆ ಹೊಡೆದು ನೇತುಹಾಕಿದ್ದೇನೆ.

ಬೇಸಿಗೆಯಲ್ಲಿ ಮರ ಬೇಗ ಹೊತ್ತಿಕೊಳ್ಳುವುದಕ್ಕೆ ಹೊರಗಿನ ಬಿಸಿಲು ನೇರ ಕಾರಣವಲ್ಲ. ಲೇಸರ್ ಬಿಂದುವಿನಲ್ಲಿ ಹುಟ್ಟುವುದು ನೂರಾರು ಡಿಗ್ರಿ. ಅದರ ಮುಂದೆ ರೂಮಿನ ಹತ್ತು ಹದಿನೈದು ಡಿಗ್ರಿ ಹೆಚ್ಚು ಕಮ್ಮಿ ಯಾವ ಲೆಕ್ಕ? ಆದರೆ ಬಿಸಿಲು ಮರದ ತೇವ ತೆಗೆಯುತ್ತದೆ. ಮಳೆಗಾಲದಲ್ಲಿ ಗಾಳಿಯ ತೇವಾಂಶ ಶೇ. 80 ಇದ್ದಾಗ ಮರದೊಳಗೆ ಸುಮಾರು ಶೇ. 16ರಷ್ಟು ನೀರಿರುತ್ತದೆ. ಗಾಳಿ ಶೇ. 30ಕ್ಕೆ ಒಣಗಿದರೆ ಮರದಲ್ಲಿ ಉಳಿಯುವುದು ಶೇ. 6ರಷ್ಟೇ. ಮಳೆಗಾಲದಲ್ಲಿ ಲೇಸರ್ ಮೊದಲು ಆ ನೀರನ್ನು ಆವಿ ಮಾಡಬೇಕು, ಆಮೇಲೆ ಮರ ಸುಡಬೇಕು. ಈಗ ನೇರವಾಗಿ ಮರಕ್ಕೇ ಕೈ ಹಾಕುತ್ತದೆ.

ಇದು ಕನ್ನಡ ಅಕ್ಷರದಲ್ಲಿ ಚೆನ್ನಾಗಿ ಕಾಣುತ್ತದೆ. ಜುಲೈನಲ್ಲಿ ಉಳಿಸಿಟ್ಟ ಸೆಟ್ಟಿಂಗಿನಲ್ಲೇ ಮೇ ತಿಂಗಳಲ್ಲಿ 'ಕೃಷ್ಣ' ಅಂತ ಕೆತ್ತಿ ನೋಡಿ. ಕಕಾರ ಪರವಾಗಿಲ್ಲ. ಕೆಳಗಿನ ಒತ್ತಕ್ಷರದ ಸಣ್ಣ ಸುರುಳಿಯೊಳಗೆ ಕರಕಲು ತುಂಬಿ ಬರೀ ಮಸಿಚುಕ್ಕೆಯಾಗಿರುತ್ತದೆ. ಹಾಗೆ ಕಂಡರೆ ಪವರ್ ಇಳಿಸಿ, ಇಲ್ಲವೇ ವೇಗ ಹೆಚ್ಚಿಸಿ. ಮಳೆಗಾಲದ ಸೆಟ್ಟಿಂಗ್ ಬೇರೆ, ಬೇಸಿಗೆಯದು ಬೇರೆ ಅಂತ ಎರಡು ಫೈಲ್ ಇಟ್ಟುಕೊಳ್ಳುವುದು ಒಳ್ಳೆಯದು. ತೆಳು ಪ್ಲೈ ಒಣಗಿ ಬಾಗಿದ್ದರೆ ಫೋಕಸ್ ಕೂಡ ತಪ್ಪುತ್ತದೆ. ನಾಲ್ಕು ಮೂಲೆಗೂ ಆಯಸ್ಕಾಂತ ಇಟ್ಟು ಒತ್ತಿಹಿಡಿಯಿರಿ. ಕೆಳಗಿನ ಜೇನುಗೂಡು ತಟ್ಟೆಯಲ್ಲಿ ಬಿದ್ದ ಚೂರುಗಳನ್ನು ದಿನಾ ಗುಡಿಸಿ. ಒಣ ಚೂರು ಅಂದರೆ ಒಲೆಗೆ ಹಾಕುವ ಪುರುಳೆ ಇದ್ದ ಹಾಗೆ.

ಸೀಲಿಂಗ್ ಫ್ಯಾನ್ ಬಂದ್. ಏರ್ ಅಸಿಸ್ಟ್ ಇದ್ದರೆ ಅದು ಓಡುತ್ತಿರಲಿ. ಎರಡೂ ಗಾಳಿಯೇ ಅಲ್ವಾ ಅನ್ನಬೇಡಿ. ಏರ್ ಅಸಿಸ್ಟ್ ಸುಡುವ ಬಿಂದುವಿನ ಮೇಲೆ ಸಣ್ಣ ಕೊಳವೆಯಿಂದ ಜೋರಾಗಿ ಊದಿ ಜ್ವಾಲೆ ನಿಲ್ಲದಂತೆ ಮಾಡುತ್ತದೆ, ಹೊಗೆಯನ್ನು ಲೆನ್ಸಿನಿಂದ ದೂರ ತಳ್ಳುತ್ತದೆ. ಸೀಲಿಂಗ್ ಫ್ಯಾನು ಎಲ್ಲ ಕಡೆಯಿಂದ ಊದಿ ಕೆಂಡಕ್ಕೆ ಉಸಿರು ಕೊಡುತ್ತದೆ.

ಇನ್ನು ಏಸಿ ರೂಮಿನ ವಿಷಯ. ಸ್ಪ್ಲಿಟ್ ಏಸಿ ಹೊರಗಿನ ಗಾಳಿ ತರುವುದಿಲ್ಲ. ರೂಮಿನಲ್ಲಿರುವ ಗಾಳಿಯನ್ನೇ ತಿರುಗಿಸಿ ತಿರುಗಿಸಿ ತಣ್ಣಗೆ ಮಾಡುತ್ತದೆ. ಅದರಲ್ಲಿ ಲೇಸರ್ ಹೊಗೆ ಸೇರಿದರೆ ಮನೆಯವರೆಲ್ಲ ಅದನ್ನೇ ಉಸಿರಾಡಬೇಕು. ಎಂಡಿಎಫ್ (ಮರದ ನಾರನ್ನು ಅಂಟು ಹಾಕಿ ಒತ್ತಿದ ಹಲಗೆ) ಸುಟ್ಟರೆ ಅದರ ಅಂಟಿನಿಂದ ಫಾರ್ಮಾಲ್ಡಿಹೈಡ್ ಬರುತ್ತದೆ, ಕಣ್ಣು ಮೂಗು ಉರಿಯುವುದು ಅದಕ್ಕೇ. ರೆಕ್ಸಿನ್ ಅಂತೂ ಯಾವ ಋತುವಿನಲ್ಲೂ ಬೇಡ. ಅಂಗಡಿಯವನು ಲೆದರ್ ಅಂತ ಕೊಟ್ಟರೂ ಹೆಚ್ಚಿನದು ಪಿವಿಸಿ ಬಳಿದ ಬಟ್ಟೆ. ಪಿವಿಸಿ ಸುಟ್ಟರೆ ಬರುವ ಹೈಡ್ರೋಜನ್ ಕ್ಲೋರೈಡ್ ಗಾಳಿಯ ತೇವದ ಜೊತೆ ಸೇರಿ ಆಸಿಡ್ ಆಗುತ್ತದೆ. ಶ್ವಾಸಕೋಶಕ್ಕೂ ಪೆಟ್ಟು, ಮೆಷಿನ್ನಿನ ಕಬ್ಬಿಣಕ್ಕೂ ತುಕ್ಕು. ಮಾಮೂಲಿ ಎನ್95 ಮಾಸ್ಕ್ ಕಣಗಳನ್ನು ತಡೆಯುತ್ತದೆಯೇ ಹೊರತು ಇಂಥ ಅನಿಲವನ್ನಲ್ಲ.

ಹಾಗಾಗಿ ಮೆಷಿನ್ನನ್ನು ಕಿಟಕಿ ಪಕ್ಕ ಇಟ್ಟು, ಮುಚ್ಚಳದ ಪೆಟ್ಟಿಗೆಯೊಳಗೆ ಕೂರಿಸಿ, ಎಕ್ಸಾಸ್ಟ್ ಫ್ಯಾನಿನ ಪೈಪನ್ನು ಆಚೆ ಬಿಡಿ. ಪೈಪ್ ಗಿಡ್ಡ ಇರಲಿ, ಪಕ್ಕದ ಮನೆಯ ಕಿಟಕಿಗೆ ಎದುರಾಗದಿರಲಿ. ಏಸಿಯ ತಂಪು ಸ್ವಲ್ಪ ಆ ಪೈಪಿನಲ್ಲಿ ಹೋಗಿಬಿಡುತ್ತದೆ, ಕರೆಂಟ್ ಬಿಲ್ ಏರುತ್ತದೆ. ಏನೂ ಮಾಡುವ ಹಾಗಿಲ್ಲ. ಎಕ್ಸಾಸ್ಟ್ ಇಲ್ಲದೆ ಪೆಟ್ಟಿಗೆ ಮಾತ್ರ ಮುಚ್ಚಿದರೆ ಬಿಸಿಯೂ ಹೊಗೆಯೂ ಒಳಗೇ ಕೂರುತ್ತವೆ, ಅದು ಇನ್ನೂ ಕೆಟ್ಟದ್ದು.

ಲೆನ್ಸ್ ಒರೆಸುವ ಐಸೋಪ್ರೊಪೈಲ್ ಆಲ್ಕೋಹಾಲ್ ಬಾಟಲಿ, ಥಿನ್ನರ್, ಸ್ಪ್ರೇ ಪೇಂಟ್ ಡಬ್ಬಿ ಆ ಟೇಬಲ್ಲಿನ ಮೇಲೆ ಇರಬಾರದು. ಕಿಡಿ ತಗುಲಿದರೆ ಆಲ್ಕೋಹಾಲಿನ ಆವಿಗೆ ಬೆಂಕಿ ಹಿಡಿಯಲು 12 ಡಿಗ್ರಿ ಸಾಕು. 42 ಡಿಗ್ರಿಯಲ್ಲಿ ಮುಚ್ಚಳ ತೆಗೆದ ಬಾಟಲಿ ಅಂದರೆ ಅರ್ಥ ಮಾಡಿಕೊಳ್ಳಿ. ಸ್ಪ್ರೇ ಡಬ್ಬಿಯ ಮೇಲೆ 50 ಡಿಗ್ರಿ ದಾಟಬಾರದು ಅಂತ ಬರೆದಿರುತ್ತಾರೆ. ನಿಮ್ಮ ಶೀಟ್ ರೂಮು ಅದರ ಹತ್ತಿರಕ್ಕೇ ಬಂದಿರುತ್ತದೆ.

ಗಾಗಲ್ ಬಗ್ಗೆ ಸ್ವಲ್ಪ ಜೋರಾಗಿಯೇ ಹೇಳುತ್ತೇನೆ. ನಿಮ್ಮ ನೀಲಿ ಲೇಸರಿನ ತರಂಗಾಂತರ ಸುಮಾರು 450 ನ್ಯಾನೋಮೀಟರ್. ಅದಕ್ಕೆಂದೇ ಮಾಡಿದ, ಓಡಿ (ಬೆಳಕನ್ನು ಎಷ್ಟು ತಡೆಯುತ್ತದೆ ಅನ್ನುವ ಅಳತೆ) 5 ಅಥವಾ ಹೆಚ್ಚು ಎಂದು ಬರೆದಿರುವ ಗಾಗಲ್ ಬೇಕು. ಬಿಸಿಲಿಗೆ ಹಾಕುವ ಕೂಲಿಂಗ್ ಗ್ಲಾಸ್ ಲೆಕ್ಕಕ್ಕಿಲ್ಲ. ಬೆವರಿಗೆ ಗಾಗಲ್ ಮಂಜಾಗುತ್ತದೆ, ಜಾರುತ್ತದೆ. ಹಣೆಗೆ ಒಂದು ಬಟ್ಟೆ ಕಟ್ಟಿ. ಒರೆಸಬೇಕಾದರೆ ಮೊದಲು ಮೆಷಿನ್ ನಿಲ್ಲಿಸಿ, ಆಮೇಲೆ ತೆಗೆಯಿರಿ. ತೆರೆದ ಮೆಷಿನ್ನುಗಳು 4ನೇ ಕ್ಲಾಸಿನ ಲೇಸರ್, ಅಂದರೆ ಅತಿ ಅಪಾಯದ ವರ್ಗ. ಕಣ್ಣಿಗೆ ನೇರ ಬೀಳಬೇಕೆಂದೇನಿಲ್ಲ, ಚದುರಿದ ಬೆಳಕೂ ಹಾನಿ ಮಾಡಬಲ್ಲದು. ಅದೂ ಅಲ್ಲದೆ ಈಗ ಮಕ್ಕಳಿಗೆ ರಜೆ. ನೀಲಿ ಬೆಳಕು ಕಂಡರೆ ಓಡಿ ಬರುತ್ತಾರೆ, ಬಗ್ಗಿ ನೋಡುತ್ತಾರೆ. ಬಾಗಿಲಿಗೆ ಚಿಲಕ ಹಾಕಿಕೊಂಡು ಕೆಲಸ ಮಾಡಿ.

ಕರೆಂಟ್ ಕೂಡ ಈ ಕಾಲದಲ್ಲಿ ಆಟ ಆಡಿಸುತ್ತದೆ. ಹೋದ ಕೂಡಲೇ ಬೈಯುವುದಕ್ಕೆ ಮುಂಚೆ ಮುಚ್ಚಳ ತೆಗೆದು ಕೆಂಡ ಉಳಿದಿದೆಯಾ ನೋಡಿ. ಎಕ್ಸಾಸ್ಟೂ ನಿಂತಿರುತ್ತದೆ. ಇನ್ವರ್ಟರ್ ಇದ್ದರೆ ಲೇಸರ್ ಮತ್ತು ಎಕ್ಸಾಸ್ಟ್ ಎರಡೂ ಅದೇ ಲೈನಿನಲ್ಲಿರಲಿ. ಲೇಸರ್ ಮಾತ್ರ ಓಡಿ ಎಕ್ಸಾಸ್ಟ್ ನಿಂತರೆ ಹೊಗೆಯೆಲ್ಲ ಒಳಗೇ.

ಇದನ್ನು ಓದುವವರಲ್ಲಿ ಕಾರ್ಬನ್ ಡೈಆಕ್ಸೈಡ್ ಗಾಜಿನ ಟ್ಯೂಬಿನ 40 ವ್ಯಾಟ್ ಮೆಷಿನ್ ಇಟ್ಟುಕೊಂಡವರೂ ಇರುತ್ತಾರೆ. ನಿಮ್ಮದು ನೀರಿನ ಕತೆ. ಟ್ಯೂಬನ್ನು ತಣ್ಣಗಿಡಲು ಹರಿಸುವ ನೀರು 15ರಿಂದ 25 ಡಿಗ್ರಿ ಇದ್ದರೆ ಚೆಂದ, 30 ದಾಟಿಸಬೇಡಿ. ಬೋರ್‌ವೆಲ್ ನೀರು ಬೇಡ, ಡಿಸ್ಟಿಲ್ಡ್ ವಾಟರ್ ಹಾಕಿ. ಬಕೆಟ್ಟಿಗೆ ಐಸ್ ಬಾಟಲಿ ಬಿಡುವ ಉಪಾಯ ಎಲ್ಲರಿಗೂ ಗೊತ್ತು, ಆದರೆ ಅದು ಊರು ನೋಡಿ ಮಾಡಬೇಕಾದ ಕೆಲಸ. ಕಲಬುರಗಿಯಲ್ಲಿ 42 ಡಿಗ್ರಿ, ಶೇ. 20 ತೇವಾಂಶ ಇದ್ದರೆ ಹನಿ ಕಟ್ಟುವುದು 14 ಡಿಗ್ರಿಯ ಆಸುಪಾಸಿನಲ್ಲಿ. 18 ಡಿಗ್ರಿಯ ನೀರು ಹರಿಸಿದರೂ ಟ್ಯೂಬ್ ಒಣಗಿಯೇ ಇರುತ್ತದೆ. ಮಂಗಳೂರಿನಲ್ಲಿ 33 ಡಿಗ್ರಿ, ಶೇ. 70 ತೇವಾಂಶ ಇದ್ದರೆ 27 ಡಿಗ್ರಿಗೇ ಹನಿ ಕಟ್ಟುತ್ತದೆ. ಅದೇ 18 ಡಿಗ್ರಿ ನೀರು ಬಿಟ್ಟರೆ ತಣ್ಣನೆ ಮಜ್ಜಿಗೆ ಲೋಟ ಬೆವರುವ ಹಾಗೆ ಟ್ಯೂಬು ಬೆವರುತ್ತದೆ. ಸಾವಿರಾರು ವೋಲ್ಟಿನ ವೈರ್ ಪಕ್ಕದಲ್ಲಿ ನೀರ ಹನಿ! ಕರಾವಳಿಯವರು ನೀರನ್ನು 28ರ ಸುತ್ತ ಇಟ್ಟುಕೊಂಡು, ಪವರ್ ಇಳಿಸಿ, ನಡುನಡುವೆ ಬಿಡುವು ಕೊಟ್ಟು ಓಡಿಸುವುದೇ ಸರಿ. ರೂಮಿಗೆ ಕೂಲರ್ ಹಾಕುವ ಕಲಬುರಗಿಯವರೂ ಹುಷಾರು, ಕೂಲರ್ ಗಾಳಿಗೆ ನೀರು ತುಂಬುತ್ತದೆ, ಮೇಲಿನ ಲೆಕ್ಕ ತಪ್ಪುತ್ತದೆ.

ಮತ್ತೆ ನಿಮ್ಮ ಆರ್ಡರ್‌ಗಳ ವಿಷಯಕ್ಕೆ ಬರುತ್ತೇನೆ. ಬೆಳಿಗ್ಗೆ 5ಕ್ಕೆ ಶುರು ಮಾಡಿ, 9ಕ್ಕೆ ನಿಲ್ಲಿಸಿ. ಮಧ್ಯಾಹ್ನ ಡಿಸೈನ್ ಮಾಡಿ, ಉಜ್ಜಿ ಒರೆಸುವ, ರಿಂಗ್ ಹಾಕುವ ಕೆಲಸ ಮಾಡಿ. ಕೈಗೆಟಕುವಲ್ಲಿ ನೀರಿನ ಸ್ಪ್ರೇ ಬಾಟಲಿ, ಒದ್ದೆ ಬಟ್ಟೆ ಇರಲಿ. ಪ್ಲಗ್ ಕಿತ್ತ ಮೇಲೆ ಮಾತ್ರ ನೀರು. ಒಂದು ಕಾರ್ಬನ್ ಡೈಆಕ್ಸೈಡ್ ಎಕ್ಸ್‌ಟಿಂಗ್ವಿಷರ್ ಕೊಂಡಿಡಿ. ಪುಡಿಯದೂ ಬೆಂಕಿ ಆರಿಸುತ್ತದೆ, ಆದರೆ ಆ ಪುಡಿ ಬೇರಿಂಗು, ಲೆನ್ಸು ಎಲ್ಲಕ್ಕೂ ಹೊಕ್ಕುತ್ತದೆ. ಕೊನೆಯ ತುಂಡು ಮುಗಿದ ಮೇಲೂ ಹತ್ತು ಹದಿನೈದು ನಿಮಿಷ ಅಲ್ಲೇ ಕೂತಿರಿ. ಚೂರುಗಳನ್ನು ಪ್ಲಾಸ್ಟಿಕ್ ಬುಟ್ಟಿಗೆ ಹಾಕಬೇಡಿ, ಹಳೆಯ ಎಣ್ಣೆ ಡಬ್ಬಕ್ಕೆ ಹಾಕಿ ಮೇಲೆ ಒಂದು ಲೋಟ ನೀರು ಸುರಿದು, ಆಮೇಲೆ ಬಾಗಿಲು ಹಾಕಿ.