ಕತ್ತಿ ತಾಗಿದ ಗಾಯಕ್ಕೆ ಕಮ್ಯುನಿಸ್ಟ್ ಸೊಪ್ಪು ಹಿಂಡಬಹುದಾ?

ಪ್ರಶ್ನೆ: ಶಿರಸಿ ಹತ್ತಿರ ನಮ್ಮದು ಅಡಿಕೆ ತೋಟ. ಕತ್ತಿ ತಾಗುವುದು ಇದ್ದದ್ದೇ. ಮೊದಲಿಂದಲೂ ತೋಟದ ಅಂಚಿನ ಕಳೆಗಿಡವಾದ ಕಮ್ಯುನಿಸ್ಟ್ ಸೊಪ್ಪಿನ ರಸ ಹಿಂಡುತ್ತೇವೆ, ರಕ್ತ ನಿಲ್ಲುತ್ತದೆ. ಈಗ ಮಗಳು ಬೇಡ ಅನ್ನುತ್ತಾಳೆ. ಏನು ಮಾಡಲಿ?

ಉತ್ತರ: ರಕ್ತ ನಿಲ್ಲುವುದು ನಿಜ. ಆದರೂ ಮಗಳ ಮಾತು ಕೇಳಿ.

ಈ ಎಲೆಯ ರಸ ರಕ್ತ ಬೇಗ ಹೆಪ್ಪುಗಟ್ಟಿಸುತ್ತದೆ ಎಂದು ಪ್ರಯೋಗಾಲಯದಲ್ಲೂ ಕಂಡಿದ್ದಾರೆ. ವಿಯೆಟ್ನಾಮಿನಲ್ಲಿ ಇದೇ ಎಲೆಯ ಸಾರದಿಂದ ಗಾಯಕ್ಕೆ ಹಚ್ಚುವ ಔಷಧಿಯನ್ನೇ ಮಾಡಿದ್ದಾರೆ. ಆದರೆ ಅದು ಸೋಸಿ ಶುದ್ಧ ಮಾಡಿದ ಸಾರ. ನಾವು ಮಾಡುವುದೇನು? ತೋಟದ ಅಂಚಿನಿಂದ ನಾಲ್ಕು ಎಲೆ ಕಿತ್ತು, ಆಗಷ್ಟೇ ಗೊಬ್ಬರ ಮುಟ್ಟಿದ ಅಂಗೈಯಲ್ಲಿ ಉಜ್ಜಿ, ಹಾಗೇ ಗಾಯದ ಒಳಗೆ ಹಿಂಡುವುದು. ಧನುರ್ವಾಯುವಿನ ರೋಗಾಣು ಇರುವುದೇ ಮಣ್ಣಿನಲ್ಲಿ, ಸಗಣಿಯಲ್ಲಿ. ಗಾಳಿಯಾಡದ ಆಳದ ಗಾಯ ಸಿಕ್ಕರೆ ಅದು ಬೆಳೆಯುತ್ತದೆ. ಅರೆದ ಸೊಪ್ಪು ತುಂಬಿ ಮೇಲಿಂದ ಬಟ್ಟೆ ಬಿಗಿದರೆ ಅದಕ್ಕೆ ಬೇಕಾದ ಜಾಗವನ್ನು ನಾವೇ ಮಾಡಿಕೊಟ್ಟ ಹಾಗಾಯಿತು, ಅಲ್ವಾ?

ಹೋದ ವರ್ಷ ಅಡಿಕೆ ಸುಲಿಯುವಾಗ ನನ್ನ ಹೆಬ್ಬೆರಳಿಗೆ ಮೆಟ್ಟುಗತ್ತಿ ತಾಗಿತು. ಸೊಪ್ಪು ಹಿಂಡಿದೆ, ರಕ್ತ ನಿಂತಿತು, ಮತ್ತೆ ಸುಲಿಯಲು ಕುಳಿತೆ. ಮೂರನೇ ದಿನಕ್ಕೆ ಬೆರಳು ಊದಿ ರಾತ್ರಿಯೆಲ್ಲ ಪಟಪಟ ಸಿಡಿಯುತ್ತಿತ್ತು. ಡಾಕ್ಟರು ಬಿಡಿಸಿ ನೋಡಿದರೆ ಕೀವಿನ ಜೊತೆ ಉಗುರಿನ ತುದಿಯಷ್ಟು ಎಲೆಯ ಚೂರು ಹೊರಗೆ ಬಂತು, ಇನ್ನೂ ಹಸಿರು ಮಾಸಿರಲಿಲ್ಲ.

ಹಾಗಾಗಿ ಮೊದಲು ಒತ್ತಿ ಹಿಡಿಯಿರಿ. ಒಗೆದ ಬಟ್ಟೆ ಇಟ್ಟು, ಕೈ ಮೇಲೆತ್ತಿ, 10 ನಿಮಿಷ ಬಿಡದೆ ಒತ್ತಬೇಕು. ನಿಂತಿತಾ ಎಂದು ನಡುವೆ ತೆಗೆದು ನೋಡಿದರೆ ಕಟ್ಟುತ್ತಿದ್ದ ಹೆಪ್ಪು ಕಿತ್ತು ಬರುತ್ತದೆ. ಆಮೇಲೆ ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆದು, ಒಣ ಬಟ್ಟೆ ಕಟ್ಟಿ. ಇಷ್ಟಕ್ಕೆ ಸೊಪ್ಪು ಬೇಕಾಗುವುದೇ ಇಲ್ಲ. ಒತ್ತಿದರೂ ನಿಲ್ಲದಿದ್ದರೆ, ಬೆರಳು ಮಡಚಲು ಬರದಿದ್ದರೆ, ತುದಿಗೆ ಜೋಮು ಹಿಡಿದರೆ ಆಸ್ಪತ್ರೆಗೆ ಹೊರಡಿ. ಧನುರ್ವಾಯು ತಡೆಯುವ ಟಿ.ಟಿ. ಚುಚ್ಚುಮದ್ದು ಹಾಕಿಸಿ 5 ವರ್ಷ ದಾಟಿದ್ದರೆ ಮತ್ತೆ ಹಾಕಿಸಬೇಕು. 10 ವರ್ಷದ ಲೆಕ್ಕ ಸ್ವಚ್ಛವಾದ ಸಣ್ಣ ಗಾಯಕ್ಕೆ ಮಾತ್ರ, ತೋಟದ ಗಾಯಕ್ಕಲ್ಲ.

ಹಾಗಂತ ಮನೆಮದ್ದನ್ನೆಲ್ಲ ಬಿಡಿ ಎಂದು ನಾನು ಹೇಳುತ್ತಿಲ್ಲ. ದೊಡ್ಡ ಆಸ್ಪತ್ರೆ ಬೇಕೆಂದರೆ ಸುಮಾರು ನೂರು ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಓಡುವ ನಮ್ಮಂಥವರಿಗೆ ಅದರ ಬೆಲೆ ಗೊತ್ತು. ಹಿಮ್ಮಡಿ ಒಡೆದರೆ ಆಯಿ ಈಗಲೂ ಸೋಪಿನಷ್ಟು ಗಟ್ಟಿಯಾದ ಮುರುಗಲ (ಕೋಕಂ) ಬೀಜದ ತುಪ್ಪದ ಉಂಡೆಯಿಂದ ಒಂದು ಚೂರು ಕೆತ್ತಿ, ಸೌಟಿನಲ್ಲಿ ಕರಗಿಸಿ, ಬೆಚ್ಚಗಿದ್ದಾಗ ಹಚ್ಚುತ್ತಾರೆ. ಅದಕ್ಕಿಂತ ಒಳ್ಳೆಯ ಮುಲಾಮು ನನಗೆ ಸಿಕ್ಕಿಲ್ಲ. ಒಲೆಯ ಹತ್ತಿರ ಕೈ ಸ್ವಲ್ಪ ಸುಟ್ಟರೆ 20 ನಿಮಿಷ ತಣ್ಣೀರು ಹರಿಸಿ. ಬೊಕ್ಕೆ ಎದ್ದಿಲ್ಲ, ಚರ್ಮ ಒಡೆದಿಲ್ಲ ಎಂದಾದರೆ ಲೋಳೆಸರ ಹಚ್ಚಬಹುದು. ಎಲೆ ಕತ್ತರಿಸಿ ಸ್ವಲ್ಪ ಹೊತ್ತು ನೆಟ್ಟಗೆ ನಿಲ್ಲಿಸಿಡಿ, ಹಳದಿ ರಸ ಇಳಿದುಹೋಗಲಿ, ತುರಿಸುವುದು ಅದೇ. ಹೊಸ ಸೊಪ್ಪು ಯಾವುದೇ ಇರಲಿ, ಮೊದಲು ಮೊಣಕೈ ಒಳಭಾಗಕ್ಕೆ ಒಂದು ಚುಕ್ಕೆ ಹಚ್ಚಿ ಒಂದು ದಿನ ಕಾಯಿರಿ.

ಎಕ್ಕದ ಹಾಲಿನ ವಿಷಯ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಚರ್ಮದೊಳಗೆ ಮುಳ್ಳು ಮುರಿದರೆ ಅಲ್ಲಿಗೆ ಈ ಹಾಲು ಹಾಕುವ ರೂಢಿ ಇದೆ. ಅದೇ ಕೈ ಕಣ್ಣಿಗೆ ತಾಗಿದರೆ ದೃಷ್ಟಿ ಮಂಜಾಗುತ್ತದೆ, ಎಷ್ಟೋ ಸಲ ನೋವೇ ಇರುವುದಿಲ್ಲ, ಅದಕ್ಕೇ ಜನ ತಡ ಮಾಡುತ್ತಾರೆ. ತಕ್ಷಣ ನೀರು ಹಾಕಿ ತೊಳೆಯುತ್ತಾ ಇರಿ, ಆಮೇಲೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ.

ಹಾವು ಕಚ್ಚಿದರೆ ಯಾವ ಬೇರೂ ಬೇಡ, ಕೊಯ್ಯುವುದೂ ಕಟ್ಟುವುದೂ ಬೇಡ. ಕಚ್ಚಿಸಿಕೊಂಡವರನ್ನು ನಡೆಸದೆ ನೇರ ಆಸ್ಪತ್ರೆಗೆ ಕರೆದೊಯ್ಯಿರಿ. ಬೆಟ್ಟಕ್ಕೆ ಹೋಗಿಬಂದ ಮೇಲೆ ಜ್ವರ ಬಂದರೂ ಕಷಾಯ ಕುಡಿದು ಕಾಯಬೇಡಿ, ನಮ್ಮ ಕಡೆ ಕಾಡಿನ ಉಣ್ಣಿ ಕಚ್ಚಿ ಬರುವ ಮಂಗನ ಕಾಯಿಲೆ ಇದೆ.

ಡಾಕ್ಟರ ಹತ್ತಿರ ಹೋದಾಗ ಏನು ಹಚ್ಚಿದ್ದೀರಿ ಎಂದು ಮುಚ್ಚಿಡದೆ ಹೇಳಿ. ಒಂದೇ ಗಿಡಕ್ಕೆ ನಮ್ಮಲ್ಲಿ ಊರಿಗೊಂದು ಹೆಸರು, ಆದ್ದರಿಂದ ಆ ಗಿಡದ ಒಂದು ಟೊಂಗೆಯನ್ನೇ ಜೊತೆಗೆ ಒಯ್ಯಿರಿ.