ಕೊಳಗದಿಂದ ಪಹಣಿಯವರೆಗೆ: ಮಲೆನಾಡಿನ ಲೆಕ್ಕ ಬಯಲಿಗೆ ಬಂದ ದಾರಿ

ನಮ್ಮ ಮನೆಯ ಅಟ್ಟದಲ್ಲಿ ಭತ್ತ ಅಳೆಯುವ ಒಂದು ಹಳೆಯ ಪಾತ್ರೆ, ಕೊಳಗ ಇದೆ. ಮರದ್ದು. ಬಾಯಿಗೆ ಬಡಿದ ಕಬ್ಬಿಣದ ಪಟ್ಟಿ ತುಕ್ಕು ಹಿಡಿದಿದೆ. ಅಜ್ಜ ಜಮೀನಿನ ಒಡೆಯರಿಗೆ ಗೇಣಿ ಭತ್ತ ಅಳೆಯುತ್ತಿದ್ದ ಕಾಲದ್ದು. "ಇದರಲ್ಲಿ ಹತ್ತು ಖಂಡುಗ ಅಳೆದು ಗಾಡಿಗೆ ಹೇರ್ತಿದ್ವಿ ಮಗಾ. ಒಡೆಯರ ಅಂಗಳದಲ್ಲಿ ಅವರ ಕೊಳಗ ಹಾಕಿ ಅಳೆದ್ರೆ ಒಂದೂವರೆ ಖಂಡುಗ ಕಮ್ಮಿ ಬೀಳ್ತಿತ್ತು" ಎನ್ನುತ್ತಿದ್ದರು. ದಾರಿಯಲ್ಲಿ ಒಂದು ಕಾಳೂ ಚೆಲ್ಲಿರುತ್ತಿರಲಿಲ್ಲ. ಕೊಳಗ ಬೇರೆ, ಅಷ್ಟೇ.

ಒಂದು ಊರು ಯಾಕೆ ಮುಂದೆ ಬರುತ್ತದೆ, ಇನ್ನೊಂದು ಯಾಕೆ ಇದ್ದಲ್ಲೇ ಇರುತ್ತದೆ ಎಂದು ಕೇಳಿದರೆ ನಾವು ಮಳೆ, ಮಣ್ಣು, ರಸ್ತೆ, ಕಾರ್ಖಾನೆ ಎಂದು ಹೇಳುತ್ತೇವೆ. 2024ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಡರೋನ್ ಅಸೆಮೊಗ್ಲು, ಸೈಮನ್ ಜಾನ್ಸನ್, ಜೇಮ್ಸ್ ರಾಬಿನ್ಸನ್ ಬೇರೆ ಕಡೆ ಬೆರಳು ತೋರಿಸುತ್ತಾರೆ. ಆಸ್ತಿಯ ಹಕ್ಕು ಯಾರಿಗಿದೆ? ಕಾನೂನು ಎಲ್ಲರಿಗೂ ಒಂದೇನಾ? ಅಧಿಕಾರ ನಾಲ್ಕು ಜನರ ಕೈಲಿದೆಯಾ, ಎಲ್ಲರಿಗೂ ಅದರಲ್ಲಿ ಪಾಲಿದೆಯಾ? ಏಳಿಗೆ ನಿಂತಿರುವುದು ಇದರ ಮೇಲೆ ಅಂತಾರೆ. ನನಗೆ ಆ ಮಾತು ಅರ್ಥವಾಗಿದ್ದು ಅಟ್ಟದ ಕೊಳಗದಿಂದ.

ಮಲೆನಾಡಿಗೆ ಅಳತೆ ಹೊಸದಲ್ಲ. 17ನೇ ಶತಮಾನದ ನಡುಭಾಗದಲ್ಲಿ ಬಿದನೂರಿನಿಂದ ಆಳಿದ ಕೆಳದಿಯ ಶಿವಪ್ಪ ನಾಯಕ ಜಮೀನು ಅಳೆಸಿ, ಉತ್ತಮ, ಮಧ್ಯಮ, ಕನಿಷ್ಠ, ಅಧಮ, ಅಧಮಾಧಮ ಎಂದು ಐದು ದರ್ಜೆ ಮಾಡಿಸಿದ. ಸರಾಸರಿ ಬೆಳೆಯ ಮೂರರಲ್ಲಿ ಒಂದು ಪಾಲು ಅರಮನೆಗೆ ಎಂದು ಗೊತ್ತು ಮಾಡಿದ. ಇದೇ 'ಶಿಸ್ತು'. ಕೆಳದಿಯ ಆಳ್ವಿಕೆ 1763ರಲ್ಲಿ ಮುಗಿದರೂ ಶಿಸ್ತಿನ ಹೆಸರು ಮುಗಿಯಲಿಲ್ಲ. ಎಷ್ಟು ಕೊಡಬೇಕು ಎಂದು ಮೊದಲೇ ಗೊತ್ತಿದ್ದರೆ ಉಳಿದದ್ದು ನಮ್ಮದು ಎಂಬ ಧೈರ್ಯ ಇರುತ್ತದೆ, ಅಲ್ವಾ? ಆದರೆ ಶಿಸ್ತು ಅರಮನೆಗೂ ಜಮೀನು ಹಿಡಿದವರಿಗೂ ನಡುವಿನ ಲೆಕ್ಕ. ಅವರ ಕೈಕೆಳಗೆ ಉಳುವವನ ಪಾಲಿನ ಲೆಕ್ಕ ಎಲ್ಲೂ ಇರಲಿಲ್ಲ.

1881ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆ ಶುರುವಾಯಿತು. ದಿವಾನ್ ರಂಗಾಚಾರ್ಲು 144 ಪ್ರತಿನಿಧಿಗಳ ಮುಂದೆ ಸರ್ಕಾರದ ಕೆಲಸದ ವರದಿ ಓದಿದರು. ಆ ಕಾಲಕ್ಕೆ ಅದು ದೊಡ್ಡದೇ. ಆದರೆ ಕೇಳಲು ಕೂತವರು ಹೆಚ್ಚಾಗಿ ಜಮೀನ್ದಾರರು, ವರ್ತಕರು. ಸರ್ಕಾರ ಬಾಗಿಲು ತೆರೆದರೂ ಹೊಸ್ತಿಲಿನವರೆಗೆ ಬರಲು ಅವಕಾಶ ಸಿಗದ ಜನ ಹೊರಗೇ ಉಳಿದಿದ್ದರು.

ಆ ಜನ ತಾವಾಗಿ ಎದ್ದು ನಿಂತಿದ್ದು 1951ರಲ್ಲಿ, ಸಾಗರದ ಹತ್ತಿರದ ಕಾಗೋಡಿನಲ್ಲಿ. ಅವರು ಗೇಣಿಗೆ ಉಳುತ್ತಿದ್ದ ದೀವರ ಸಮುದಾಯದವರು. ಗಣಪತಿಯಪ್ಪ ಅವರು ಮೊದಲೇ ರೈತ ಸಂಘ ಕಟ್ಟಿ ಹಳ್ಳಿ ಹಳ್ಳಿ ತಿರುಗಿದ್ದರು. ಕೇಳಿದ್ದು ದೊಡ್ಡ ಕ್ರಾಂತಿಯನ್ನಲ್ಲ. ಸರ್ಕಾರ ಗೊತ್ತು ಮಾಡಿದ ಅಳತೆಯ ಕೊಳಗದಲ್ಲಿ ಗೇಣಿ ಅಳೆಯಿರಿ ಎಂದರು, ಅಷ್ಟೇ. ಒಂದು ಖಂಡುಗಕ್ಕೆ 20 ಕೊಳಗ. ಕೊಳಗಕ್ಕೆ ಅರ್ಧ ಸೇರು ಜಾಸ್ತಿ ಹಿಡಿಯುತ್ತದೆ ಅಂದುಕೊಳ್ಳಿ. ಹತ್ತು ಖಂಡುಗ ಗೇಣಿ ಅಳೆಯುವಷ್ಟರಲ್ಲಿ 100 ಸೇರು ಭತ್ತ ಯಾವ ಪುಸ್ತಕಕ್ಕೂ ಬರದೆ ಹೋಗುತ್ತದೆ. ಮಳೆಗಾಲದ ಮೂರು ತಿಂಗಳು ಗಂಜಿಗೆ ಆಗುವ ಭತ್ತ ಅದು.

ಒಡೆಯರು ಒಪ್ಪಲಿಲ್ಲ, ಗದ್ದೆ ಬಿಡಿಸಿದರು. ಏಪ್ರಿಲ್ 18ರಂದು ಸತ್ಯಾಗ್ರಹ ಶುರುವಾಯಿತು. ರೈತರು ತಂಡ ತಂಡವಾಗಿ ಗದ್ದೆಗೆ ಇಳಿದರು, ತಂಡ ತಂಡವಾಗಿ ಜೈಲಿಗೆ ಹೋದರು. ಸಮಾಜವಾದಿ ಪಕ್ಷ ಬೆನ್ನಿಗೆ ನಿಂತಿತು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದು ಅವರೂ ಬಂಧನವಾದರು. ಮರುವರ್ಷದ ಚುನಾವಣೆಯಲ್ಲಿ ಶಾಂತವೇರಿ ಗೋಪಾಲಗೌಡರು ಇದೇ ಭಾಗದಿಂದ ಗೆದ್ದು ಶಾಸನಸಭೆಗೆ ಹೋದರು. ಒಂದು ಅಳತೆ ಪಾತ್ರೆಯ ಜಗಳ ಹೀಗೆ ಬೆಂಗಳೂರಿಗೆ ಹೋಯಿತು.

ಕಾನೂನು ಬರಲು ಇನ್ನೂ 23 ವರ್ಷ ಬೇಕಾಯಿತು. ಭೂಸುಧಾರಣಾ ಕಾಯ್ದೆಗೆ ದೇವರಾಜ ಅರಸರ ಕಾಲದಲ್ಲಿ ಆದ ತಿದ್ದುಪಡಿಯಿಂದ 1974ರ ಮಾರ್ಚ್ 1ಕ್ಕೆ ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿತು. ಉಳುತ್ತಿದ್ದವನು ಫಾರಂ ನಂಬರ್ 7 ತುಂಬಿ ಭೂ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು. ರಾಜ್ಯದಲ್ಲಿ ಎಂಟು ಲಕ್ಷಕ್ಕೂ ಜಾಸ್ತಿ ಅರ್ಜಿ ಬಿದ್ದವು. ಈ ಮಂಡಳಿಯ ರಚನೆಯನ್ನು ನಾನು ಬಹಳ ಮೆಚ್ಚುತ್ತೇನೆ. ಅಧಿಕಾರಿಯ ಜೊತೆ ಊರ ಕಡೆಯ ಸದಸ್ಯರೂ ಕೂರುತ್ತಿದ್ದರು. ಮೂಲ ನಿಯಮದಲ್ಲಿ ವಕೀಲರಿಗೆ ಅವಕಾಶವೇ ಇರಲಿಲ್ಲ. ಓದು ಬರದ ಗೇಣಿದಾರ ತಾನೇ ನಿಂತು, "ಈ ಗದ್ದೆ ನಾನು ಮಾಡ್ತಿದ್ದೀನಿ, ಪಕ್ಕದವರನ್ನ ಕೇಳಿ" ಎಂದು ಹೇಳಬಹುದಿತ್ತು. ಎದುರಿಗೆ ಒಡೆಯರೂ ಇರುತ್ತಿದ್ದರು. ಎಲ್ಲರೆದುರು ಸುಳ್ಳು ಹೇಳುವುದು ಯಾರಿಗೂ ಸುಲಭವಲ್ಲ.

ಅಲ್ಲಿ ತೂಕ ಇದ್ದ ಕಾಗದ ಪಹಣಿ. ಅದರ ಕಾಲಂ 9ರಲ್ಲಿ ಜಮೀನಿನ ಒಡೆತನ ಯಾರ ಹೆಸರಲ್ಲಿದೆ ಎಂದು ಇರುತ್ತದೆ. ಕಾಲಂ 12ರಲ್ಲಿ ಆ ವರ್ಷ ಉತ್ತವರು ಯಾರು, ಬೆಳೆ ಏನು ಎಂದು ಇರುತ್ತದೆ. ಕಾಲಂ 12ರಲ್ಲಿ ಹೆಸರಿದ್ದ ಗೇಣಿದಾರನ ಕೆಲಸ ಹಗುರ. ಹೆಸರು ಬರೆಸದೆ ಬಾಯಿಮಾತಿನಲ್ಲೇ ಗೇಣಿ ಮಾಡಿದವನಿಗೆ ಸಾಕ್ಷಿ ಹುಡುಕುವುದೇ ಪಾಡು. ನಮ್ಮಜ್ಜನ ಹೆಸರು ಇತ್ತು. ಎರಡು ಮನೆ ಆಚೆಗಿನವರದ್ದು ಇರಲಿಲ್ಲ. ಇವತ್ತಿಗೂ ಆ ಎರಡು ಮನೆಗಳ ನಡುವೆ ಒಂದು ತಲೆಮಾರಿನ ಅಂತರ ಕಾಣುತ್ತದೆ.

ಯಾಕೆ ಅಂದರೆ, ಭತ್ತ ಒಂದು ಮಳೆಗಾಲದ ಬೆಳೆ. ಮುಂದಿನ ವರ್ಷ ಗದ್ದೆ ಕೈಲಿರುತ್ತದೋ ಇಲ್ಲವೋ ಎಂಬ ಅನುಮಾನದಲ್ಲೂ ನಾಟಿ ಮಾಡಬಹುದು. ಅಡಿಕೆ ಹಾಗಲ್ಲ. ಸಸಿ ನೆಟ್ಟು, ನೀರು ಬಸಿಯಲು ಕಪ್ಪು ತೆಗೆದು, ಮಣ್ಣು ಹಾಕಿ, ಸೊಪ್ಪು ಹೊದಿಸಿ, ಐದಾರು ವರ್ಷ ಕಾದ ಮೇಲೆ ಮೊದಲ ಸಿಂಗಾರ. ಜಮೀನು ತನ್ನದಲ್ಲದವನು ಅಷ್ಟು ವರ್ಷ ಕಾಯುವುದು ಹೇಗೆ? ಹಕ್ಕು ಕೈಗೆ ಬಂದ ಮೇಲೆ ನಮ್ಮ ಸುತ್ತಮುತ್ತ ಗದ್ದೆ ಅಂಚಿನಲ್ಲಿ ಹೊಸ ತೋಟ ಎದ್ದವು, ಬಾವಿ ಆದವು. ಸಹಕಾರ ಸಂಘದಲ್ಲಿ ಬೆಳೆಸಾಲ ಸಿಕ್ಕಿತು, ಏಕೆಂದರೆ ಒತ್ತೆ ಇಡಲು ಪಹಣಿ ಇತ್ತು. ಹುಲ್ಲಿನ ಮನೆಗೆ ಹೆಂಚು ಬಂತು. ನಮ್ಮಪ್ಪ ಹೈಸ್ಕೂಲು ಮುಗಿಸಿದ್ದು ಆ ತೋಟದ ದುಡ್ಡಿನಲ್ಲಿ.

ಆದರೆ ಪಹಣಿಯ ಪುಸ್ತಕ ಯಾರ ಕೈಲಿತ್ತು? ಮೊದಲು ಶಾನುಭೋಗರ ಮನೆಯಲ್ಲಿ. ವಂಶಪಾರಂಪರ್ಯದ ಆ ಹುದ್ದೆಯನ್ನು 1961ರ ಕಾಯ್ದೆ ತೆಗೆದುಹಾಕಿತು, ಸಂಬಳದ ಗ್ರಾಮಲೆಕ್ಕಿಗರು ಬಂದರು. ಚೀಲ ಬದಲಾಯಿತು, ಪುಸ್ತಕ ಚೀಲದಲ್ಲೇ ಇತ್ತು. ಬೆಳೆಸಾಲಕ್ಕೆ ಪಹಣಿ ಬೇಕೆಂದರೆ ಲೆಕ್ಕಿಗರು ಇವತ್ತು ಯಾವ ಊರಲ್ಲಿ ಸಿಗುತ್ತಾರೆ ಎಂದು ಅಪ್ಪ ಮೊದಲು ವಿಚಾರಿಸಬೇಕಿತ್ತು. ಸಿಕ್ಕರೂ "ನಾಳೆ ಬಾ". ಕೈ ಬಿಸಿ ಮಾಡಿದರೆ ಇವತ್ತೇ. ಆ ದುಡ್ಡಿಗಿಂತ ಜಾಸ್ತಿ ನಷ್ಟ ಆಗುತ್ತಿದ್ದದ್ದು ಹೋದ ದಿನಗಳದ್ದು. ಗೊಬ್ಬರ ಹಾಕುವ ಹದ ಯಾರಿಗೂ ಕಾಯುವುದಿಲ್ಲ.

2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆ ಬಂತು. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿ ಕಂಪ್ಯೂಟರ್‌ಗೆ ಏರಿತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುತ್ತಿತ್ತು. ಯಾರ ಪಹಣಿ ಯಾರು ಬೇಕಾದರೂ ತೆಗೆಸಬಹುದು. ಖಾತೆ ಬದಲಾವಣೆಯ ಅರ್ಜಿ ಬಂದ ಸರದಿಯಲ್ಲೇ ಮುಂದೆ ಹೋಗಬೇಕು, ನಡುವೆ ಒಬ್ಬರನ್ನು ನುಗ್ಗಿಸುವಂತಿಲ್ಲ. ತಪ್ಪುಗಳೂ ಹಾಗೇ ಏರಿದವು ನಿಜ. ಅಜ್ಜನ ಹೆಸರಿನ ಒಂದಕ್ಷರ ತಿದ್ದಿಸಲು ನಾವು ಎರಡು ವರ್ಷ ಓಡಾಡಿದ್ದೇವೆ. ಆದರೂ ಹೇಳುತ್ತೇನೆ, ತಪ್ಪು ಕಣ್ಣಿಗೆ ಬಿದ್ದಿದ್ದೇ ಪಹಣಿ ಸುಲಭವಾಗಿ ಕೈಗೆ ಬಂದಿದ್ದರಿಂದ. ಮುಂದೆ 2005ರ ಮಾಹಿತಿ ಹಕ್ಕು ಕಾಯ್ದೆ, 2012ರ ಸಕಾಲ ಇದೇ ದಾರಿಯಲ್ಲಿ ಬಂದವು. ಮಾಹಿತಿ ಹಕ್ಕಿನ 10 ರೂಪಾಯಿ ಅರ್ಜಿಗೆ 30 ದಿನದಲ್ಲಿ ಉತ್ತರ ಕೊಡಲೇಬೇಕು ಎಂಬುದು ನಮ್ಮಂಥವರಿಗೆ ಸಣ್ಣ ವಿಷಯವಲ್ಲ.

ಮಾರುಕಟ್ಟೆಯಲ್ಲೂ ಇದೇ ಕಥೆ. ಅಡಿಕೆ ಬೆಳೆಗಾರರು ತಮ್ಮದೇ ಮಾರಾಟ ಸಂಘ ಮ್ಯಾಮ್ಕೋಸ್ ಕಟ್ಟಿಕೊಂಡಿದ್ದು 1939ರಲ್ಲಿ. ತೂಕವೂ ದರವೂ ಮಂಡಿಯವರ ಬಾಯಲ್ಲೇ ಇರಬಾರದು ಅಂತ. ಈಗ ಶಿವಮೊಗ್ಗದ ಎಪಿಎಂಸಿಯಲ್ಲಿ ಪ್ರತಿ ಲಾಟಿಗೂ ನಂಬರ್, ಆನ್‌ಲೈನ್ ಟೆಂಡರ್. ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಅಡಿಕೆ ಬಗೆಗಳ ಧಾರಣೆ ಸಂಜೆಯೊಳಗೆ ಎಲ್ಲರ ಮೊಬೈಲಿನಲ್ಲಿ. ದರ ತಿಳಿದ ರೈತ ಚೀಲ ಬಿಚ್ಚುವ ದಿನವನ್ನು ತಾನೇ ನಿರ್ಧರಿಸುತ್ತಾನೆ.

ಇಷ್ಟೆಲ್ಲ ಆದರೂ ಪುಸ್ತಕದಲ್ಲಿ ಹೆಸರೇ ಇಲ್ಲದವರಿಗೆ ಪುಸ್ತಕ ತೆರೆದಿಟ್ಟು ಏನು ಉಪಯೋಗ? ಮಂಜೂರಿಲ್ಲದೆ ಸರ್ಕಾರಿ ಜಮೀನು ಉಳುತ್ತಿದ್ದ ಬಗರ್ ಹುಕುಂ ಸಾಗುವಳಿದಾರರು ಸಕ್ರಮಕ್ಕೆ ಫಾರಂ 50 ಹಾಕಿದರು, ಆಮೇಲೆ 53, ಆಮೇಲೆ 57. ಅರ್ಜಿಯ ನಂಬರ್ ಬದಲಾಯಿತು, ಎಷ್ಟೋ ಜನರ ಸ್ಥಿತಿ ಬದಲಾಗಲಿಲ್ಲ. ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಕಾಡುವುದು ಶರಾವತಿ ಮುಳುಗಡೆಯವರದ್ದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು, ಸಾಗರ, ಹೊಸನಗರದ ಊರುಗಳು ನೀರಿನೊಳಗೆ ಹೋದವು. ರಾಜ್ಯಕ್ಕೆ ಕರೆಂಟು ಬಂತು. ಮನೆ ಕಳೆದುಕೊಂಡವರನ್ನು ಲಾರಿಯಲ್ಲಿ ತಂದು ಕಾಡಿನ ಜಾಗದಲ್ಲಿ ಇಳಿಸಿದರು. ಆ ಜಾಗವನ್ನು ಅರಣ್ಯದ ದಾಖಲೆಯಿಂದ ಕ್ರಮವಾಗಿ ಬಿಡಿಸುವ ಕೆಲಸ ಬಾಕಿ ಉಳಿಯಿತು. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅದಕ್ಕೆ ದೆಹಲಿಯ ಒಪ್ಪಿಗೆಯೂ ಬೇಕಾಯಿತು.

ಅಂಥ ಒಂದು ಮನೆಗೆ ಹೋದ ಬೇಸಿಗೆಯಲ್ಲಿ ಹೋಗಿದ್ದೆ. ಅಂಗಳದಲ್ಲಿ ಅಡಿಕೆ ಒಣಗುತ್ತಿತ್ತು. ಮನೆಯ ಹಿರಿಯರು ಟ್ರಂಕು ತೆಗೆದು ಒಂದೊಂದೇ ಕಾಗದ ಚಾಪೆಯ ಮೇಲೆ ಹರಡಿದರು. ಹಳೆಯ ಊರಿನ ಕಂದಾಯದ ರಸೀದಿ, ಜಾಗ ತೋರಿಸಿದ ಚೀಟಿ, ರೇಷನ್ ಕಾರ್ಡು, ಕರೆಂಟು ಬಿಲ್ಲು. ಮಗ ಡೇರಿ ಮಾಡಬೇಕೆಂದು ಬ್ಯಾಂಕಿಗೆ ಹೋಗಿ ಬರಿಗೈಲಿ ಬಂದಿದ್ದ. ಕೊನೆಗೆ ಮೇಲಿಟ್ಟಿದ್ದು ಪಹಣಿ, ಕಂಪ್ಯೂಟರಿನಿಂದ ಬಂದದ್ದು, ಅಕ್ಷರ ಸ್ಪಷ್ಟವಾಗಿತ್ತು. ಕಾಲಂ 9ರ ಮೇಲೆ ಬೆರಳಿಟ್ಟು, "ಓದಿ ನೋಡಿ ತಮ್ಮಾ" ಎಂದರು. ಅಲ್ಲಿ 'ಅರಣ್ಯ' ಎಂದಿತ್ತು.